ಪೂಜೆಯ ಹೊತ್ತಿನ ಆಡು

ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಕೂತಿದ್ದ ಹಾವಗೆಪ್ಪನ ಕಣ್ಣೆದುರೇ ಮನೆಯ ಆಡು ಅವನ ಹೊಸ ರುಮಾಲು ಮೇಯತೊಡಗಿತು. ಇವತ್ತು ಬೀದರಿಗೆ ಹೋಗಿ ತಾಲೂಕದಾರ ಸಾಹೇಬರ ಮುಂದೆ ತಲೆಗೆ ಸುತ್ತಿ ನಿಲ್ಲಲೆಂದೇ ತಂದ ರುಮಾಲದು. ಆದರೆ ಪೂಜೆ ಮುಗಿಯುವತನಕ ಅವನು ಮಾತಾಡುವಂತಿಲ್ಲ, ಏಳುವಂತಿಲ್ಲ.

ಆಡನ್ನು ಬೆದರಿಸಲು ಬಲಗೈಯಿಂದ ಗಂಟೆ ಬಾರಿಸಿದ. ಅದು ತಲೆಯೆತ್ತಿತು, ರುಮಾಲು ಬಿಡಲಿಲ್ಲ. ಹಾವಗೆಪ್ಪ ಹಲ್ಲು ಕಡಿಯುತ್ತ ಇನ್ನೂ ಜೋರಾಗಿ ಬಾರಿಸಿದ.

"ಇವತ್ತ ಭಕ್ತಿ ಭಾಳ ಜೋರದ ನೋಡ್ರಿ!" ಒಳಗಿಂದ ಹೆಂಡತಿ ಶಿವಕಾಂತಾ ಕೂಗಿದಳು.

ದಿನಾ ಗಂಟೆ ಬಾರಿಸಿದ ಮೇಲೆ ಪೂಜೆಯ ಪತ್ರಿ ತಿಂದು ರೂಢಿಯಾಗಿದ್ದ ಆಡು, ರುಮಾಲನ್ನು ಬಾಯಲ್ಲೇ ಎಳೆದುಕೊಂಡು ಬಂದು, ಲಿಂಗದ ಮುಂದೆ ತಲೆ ತಗ್ಗಿಸಿ ಕಾಯುತ್ತ ನಿಂತಿತು.

ಹೊರಬಂದ ಶಿವಕಾಂತಾ ಗಂಡನ ಕೆಂಪು ಮುಖ ನೋಡಿದಳು, ಆಡನ್ನೂ ನೋಡಿದಳು.

"ದಿನಾ ನನಗ ತಾಳ್ಮಿ ಕಲಿ, ತಾಳ್ಮಿ ಕಲಿ ಅಂತಿದ್ರಲ್ಲ, ಆಡು ಕೇಳ್ಕೊಂಡದ ನೋಡ್ರಿ."