ಒಂದೆರಡು ಕ್ಷಣ

ಕಬ್ಬಿಣದ ತೊಲೆ ನೆಲ ಮುಟ್ಟುತ್ತಿದ್ದಂತೆ ಕೆಳಗಿನಿಂದ ಚೀತ್ಕಾರ ಕೇಳಿಸಿತು. ಆಪರೇಟರ್ ಕ್ರೇನ್ ನಿಲ್ಲಿಸಿ, ಏಣಿ ಇಳಿದು ಓಡಿದ. ತೊಲೆಯಡಿ ಸಿಕ್ಕಿದ್ದು ಅವನ ಬಾಮೈದನ ಬಲಗಾಲು. ಕೆಳಗೆ ನಿಂತು ಸನ್ನೆ ಮಾಡುವ ಕೆಲಸ ಅವನದು. ಮೇಲಿನಿಂದ ನೋಡಿದಾಗ ಅವನು ತೊಲೆಯಿಂದ ದೂರವೇ ಇದ್ದಂತೆ ಕಂಡಿತ್ತು.

ಆಪರೇಟರನ ಎಡಗಣ್ಣಿನ ದೃಷ್ಟಿ ಹೋಗಿ ಐದು ತಿಂಗಳಾಗಿತ್ತು. ಹೆಂಡತಿ ಮತ್ತು ಬಾಮೈದನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. “ಒಂದೇ ಕಣ್ಣಿಗೂ ಯಾವುದು ಎಷ್ಟು ದೂರ ಅಂತ ತಿಳಿಯುತ್ತೆ, ಆದ್ರೆ ನೋಡಿದ ತಕ್ಷಣ ಅಲ್ಲ” ಎಂದಿದ್ದರು ಡಾಕ್ಟರು. “ತಲೆ ಅತ್ತಿತ್ತ ಆಡಿಸಿ. ಹತ್ತಿರದ್ದು ಜಾಸ್ತಿ ಸರಿಯುತ್ತೆ, ದೂರದ್ದು ಕಮ್ಮಿ. ಅದನ್ನ ಗ್ರಹಿಸೋಕೆ ಮಿದುಳಿಗೆ ಒಂದೆರಡು ಕ್ಷಣ ಬೇಕು. ಅಷ್ಟು ಕೊಡಿ.”

ಆಪರೇಟರ್ ಪ್ರತಿ ಸಲವೂ ಕೊಡುತ್ತಿದ್ದ. ಅದು ಮುಗಿಯುವವರೆಗೆ ಬಾಮೈದ ಹಗ್ಗ ಬಿಗಿಮಾಡುವ ನೆಪದಲ್ಲಿ ಹೊತ್ತು ತಳ್ಳುತ್ತಿದ್ದ. ಆ ದಿನ ಮಾತ್ರ ಸೂಪರ್‌ವೈಸರ್ ವಾಕಿಟಾಕಿಯಲ್ಲಿ ರೇಗಿದ್ದ: “ಏನಯ್ಯಾ, ಮೇಲೆ ನಿದ್ದೆ ಹೊಡೀತಿದ್ದೀಯಾ? ಇಳಿಸು ಬೇಗ!” ಆಪರೇಟರ್ ತಲೆ ಆಡಿಸದೆ ಲಿವರ್ ಒತ್ತಿದ್ದ.

ಆಸ್ಪತ್ರೆಯಲ್ಲಿ ಬಾಮೈದನ ಬಲ ಮಂಡಿಯ ಕೆಳಗೆ ಹೊದಿಕೆ ಚಪ್ಪಟೆಯಾಗಿತ್ತು.

“ಸೂಪರ್‌ವೈಸರ್ ಬಂದಿದ್ರು ಭಾವ. ನಾನೇ ತಪ್ಪು ಸನ್ನೆ ಮಾಡ್ದೆ ಅಂತ ಬರ್ಕೊಟ್ಟೆ.”

“ಬುದ್ಧಿ ಇದೆಯೇನೋ ನಿಂಗೆ?”

“ನನ್ನ ಕಾಲಂತೂ ಹೋಯ್ತು. ನಿಮ್ಮ ಕೆಲಸಾನೂ ಹೋದ್ರೆ ಅಕ್ಕ, ಮಕ್ಕಳು ಏನ್ ತಿಂತಾರೆ?” ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡ. “ಹೋಗಿ ಭಾವ. ನಂಗೆ ನಿದ್ದೆ ಬರ್ತಿದೆ.”

ಮರುದಿನ ಬೆಳಿಗ್ಗೆ ಆಪರೇಟರ್ ನೇರವಾಗಿ ಸೈಟಿನ ಆಫೀಸಿಗೆ ಹೋದ.

“ಸಾರ್, ಅವನು ಬರ್ಕೊಟ್ಟಿದ್ದು ಸುಳ್ಳು. ನಂಗೆ ಎಡಗಣ್ಣು ಕಾಣಲ್ಲ. ತಪ್ಪು ನಂದು.”

ಸೂಪರ್‌ವೈಸರ್ ಎದ್ದು ಹೋಗಿ ಬಾಗಿಲು ಮುಚ್ಚಿದ.

“ರಿಪೋರ್ಟ್ ಮೇಲಕ್ಕೆ ಹೋಗಾಯ್ತು. ಈಗ ಇದನ್ನ ಕೆದಕಿದ್ರೆ ನಿನ್ನ ಜೊತೆ ನಾನೂ ಮನೆಗೆ. ತೆಪ್ಪಗೆ ಹೋಗಿ ಕ್ರೇನ್ ಹತ್ತು. ಸನ್ನೆ ಮಾಡೋಕೆ ಬೇರೆಯವನನ್ನ ಹಾಕಿದ್ದೀನಿ. ನಿನ್ನ ಕಣ್ಣಿನ ವಿಷಯ ಅವನ ಹತ್ರ ಬಾಯಿ ಬಿಡಬೇಡ.”

ಕಿಟಕಿಯಾಚೆ, ಕ್ರೇನಿನ ಕೆಳಗೆ, ನಡುವಯಸ್ಸಿನವನೊಬ್ಬ ಆಗಲೇ ಬಂದು ನಿಂತಿದ್ದ. ಹೆಲ್ಮೆಟ್ ಸರಿಮಾಡಿಕೊಂಡು, ಮೇಲಿನ ಖಾಲಿ ಕ್ಯಾಬಿನ್ನಿನತ್ತ ನಗುತ್ತಾ ಕೈ ಎತ್ತಿದ.