ಎರಡು ಬ್ಯಾಂಡೇಜು

ಟೈಲರ್ ಚನ್ನವೀರಯ್ಯನಿಗೆ ಥೈರಾಯ್ಡ್ ಕ್ಯಾನ್ಸರ್ ಇದೆಯೆಂದು ಗೊತ್ತಾದ ವಾರದಲ್ಲೇ ಸ್ಕ್ಯಾನಿಂಗಿನಲ್ಲಿ ಬಲಗಡೆಯ ಕಿಡ್ನಿಯಲ್ಲೂ ಒಂದು ಗಡ್ಡೆ ಕಾಣಿಸಿತು. ಇದು ಅಲ್ಲಿಂದ ಹರಡಿದ್ದಲ್ಲ, ಬೇರೆಯದೇ ಕ್ಯಾನ್ಸರ್, ಎರಡೂ ಸಣ್ಣವು, ಒಟ್ಟಿಗೇ ತೆಗೆದುಬಿಡೋಣ ಅಂದರು ಡಾಕ್ಟರು.

"ನನ್ನ ಹೆಂಡತಿಗೆ ಥೈರಾಯ್ಡಿಂದು ಮಾತ್ರ ಹೇಳಿ ಸಾರ್," ಅಂತ ಅವನು ಕೈಮುಗಿದ. "ಬಹಳ ಪುಕ್ಕಲು ಅವಳು. ಎರಡು ಅಂದರೆ ನಿಂತಲ್ಲೇ ಬಿದ್ದುಹೋಗ್ತಾಳೆ."

ಡಾಕ್ಟರು ಫೈಲಿನಲ್ಲಿ ಏನೋ ಬರೆದುಕೊಂಡರು.

ಆಪರೇಷನ್ ಮುಗಿಸಿ ವಾರ್ಡಿಗೆ ತಂದ ಮೇಲೆ ಹೆಂಡತಿ ಕೊಟ್ರಮ್ಮ ಮಂಚದ ಪಕ್ಕ ಕೂತು ಮೂಸಂಬಿ ಸುಲಿಯುತ್ತಿದ್ದಳು. ಅವನು ಹೊದಿಕೆ ಎಳೆದುಕೊಳ್ಳುವಷ್ಟರಲ್ಲಿ ಅವಳ ಕಣ್ಣು ಸೊಂಟದ ಬ್ಯಾಂಡೇಜಿನ ಮೇಲೆ ಬಿತ್ತು.

"ಕುತ್ತಿಗೆಯ ಗಡ್ಡೆಗೆ ಸೊಂಟ ಯಾಕ್ರೀ ಕೊಯ್ದರು?"

ಅವನು ಹೊದಿಕೆಯನ್ನು ಸೊಂಟದ ಮೇಲೆ ಎಳೆದುಕೊಂಡ. ಬಿದ್ದುಹೋದ ದನಿಯಲ್ಲೇ, "ಈಗಿನ ಹೊಸ ಪದ್ಧತಿ ಕಣೆ," ಅಂದ. "ಕೆಳಗಿನಿಂದ ಪೈಪು ತೂರಿಸಿ ಮೇಲಿನದನ್ನು ಎಳೆದುಕೊಳ್ತಾರೆ."

"ಹಾಗೋ?" ಅಂದ ಕೊಟ್ರಮ್ಮ ಒಂದು ತೊಳೆಯನ್ನು ಅವನ ಬಾಯಿಗಿಟ್ಟಳು. "ಸುಮ್ಮನೆ ತಿನ್ನಿ. ಎರಡೂ ಆಪರೇಷನ್ನಿನ ಒಪ್ಪಿಗೆ ಕಾಗದಕ್ಕೆ ಮನೆಯವರ ಸಹಿ ಹಾಕಿದ್ದು ನಾನೇ."