ಕೊನೆಯ ಬ್ಯಾಟಿಂಗ್ ಯಾರಿಗೆ

"ನಿಮ್ಮ ನಾಣ್ಯ ನಿಮ್ಮ ಹತ್ರಾನೇ ಇರ್ಲಿ ಮೇಡಂ. ಇವತ್ತು ನಾಣ್ಯ ನಂದು, ಚಿಮ್ಮೋದೂ ನಾನೇ," ಎಂದ ಕೋಚ್ ಮೈಲೊ ಸ್ಟ್ರಾನ್ಸ್ಕಿ.

ಟೂರ್ನಿಯ ಮುಖ್ಯಸ್ಥೆ ಆರ್ಲೀನ್ ವಾಸ್ ಕನ್ನಡಕದ ಮೇಲಿಂದ ನೋಡಿದಳು. "ನನ್ನ ಮೇಲೆ ಅನುಮಾನವಾ?"

"ಛೆ, ಅನುಮಾನ ಎಲ್ಲಿಂದ ಬಂತು. ಆರು ವರ್ಷ, ಆರು ಫೈನಲ್, ಆರೂ ಟಾಸ್ ಗಸ್ ಟೀಡ್‌ಮನ್‌ಗೆ. ದೇವರಿಗೆ ಅವರ ಮೇಲೆ ಪ್ರೀತಿ ಜಾಸ್ತಿ ಅಂದ್ಕೊಂಡಿದ್ದೆ. ನಿನ್ನೆ ಗೊತ್ತಾಯ್ತು, ಅವರು ನಿಮ್ಮ ಮಾಜಿ ಗಂಡ ಅಂತ."

ಗಸ್ ಆತಿಥೇಯ ಕಾಲೇಜಿನ ಕೋಚ್. ಪಕ್ಕದಲ್ಲೇ ನಿಂತು ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತಿದ್ದವನು ತಲೆಯೆತ್ತಿದ. "ಅವ್ರೇ ಚಿಮ್ಮಲಿ ಬಿಡು ಆರ್ಲೀನ್. ನಂದೇನೂ ತಕರಾರಿಲ್ಲ."

ಎಂಥ ನಟನೆ, ಎಂದುಕೊಂಡ ಮೈಲೊ.

ನೆಬ್ರಾಸ್ಕಾದ ಈ ಕಾಲೇಜು ಬೇಸ್‌ಬಾಲ್ ಲೀಗ್‌ಗೆ ಅವನ ತಂಡ ಸೇರಿ ಒಂದೇ ವರ್ಷವಾಗಿತ್ತು. ಒಂಬತ್ತು ಇನ್ನಿಂಗ್ಸ್‌ನ ಆಟ, ಪ್ರತಿ ಇನ್ನಿಂಗ್ಸ್‌ನಲ್ಲೂ ಎರಡೂ ತಂಡ ಒಂದರ ನಂತರ ಒಂದು ಬ್ಯಾಟ್ ಹಿಡಿಯುತ್ತವೆ. ಇಲ್ಲಿನ ನಿಯಮ ಸರಳ: ಫೈನಲ್‌ನಲ್ಲಿ ಟಾಸ್ ಗೆದ್ದವರದ್ದೇ ಕೊನೆಯ ಬ್ಯಾಟಿಂಗ್. ಬೇಕೋ ಬೇಡವೋ ಎಂದು ಯಾರೂ ಕೇಳುವುದಿಲ್ಲ. ಬೇಡವೆನ್ನುವ ದಡ್ಡ ಇರಬಹುದೆಂದು ನಿಯಮ ಬರೆದವರಿಗೂ ಹೊಳೆದಿರಲಿಲ್ಲ. ಎಷ್ಟು ರನ್ ಬೇಕೆಂದು ತಿಳಿದುಕೊಂಡು ಆಡುವ ಸುಖ ಯಾರಿಗೆ ಬೇಡ?

ಮೈಲೊನಿಗಂತೂ ಬೇಕೇ ಬೇಕಿತ್ತು. ಕಪ್ ಬರದಿದ್ದರೆ ಬೇಸ್‌ಬಾಲ್ ತಂಡವನ್ನೇ ಮುಚ್ಚಿ, ಮೈದಾನವನ್ನು ಪಾರ್ಕಿಂಗ್ ಜಾಗ ಮಾಡುವುದಾಗಿ ಅವನ ಕಾಲೇಜಿನ ಅಧ್ಯಕ್ಷರು ತುಂಬ ವಿನಯದಿಂದ ಪತ್ರ ಬರೆದಿದ್ದರು. ಇಪ್ಪತ್ತಾರು ಹುಡುಗರಿಗೆ ಆ ವಿಷಯ ಅವನಿನ್ನೂ ಹೇಳಿರಲಿಲ್ಲ.

ನಾಣ್ಯ ಚಿಮ್ಮಿದ. ಗೆದ್ದ. ಅವನ ಹುಡುಗರು ಕಪ್ಪೇ ಕೈಗೆ ಬಂದಂತೆ ಕುಣಿದರು. ಆರ್ಲೀನ್ ಮುಖ ಸಪ್ಪಗಾಯಿತು. ಅದನ್ನು ಕಂಡು ಅವನಿಗೆ ಟಾಸ್‌ಗಿಂತ ಹೆಚ್ಚು ಸಂತೋಷವಾಯಿತು.

ಮೊದಲು ಬ್ಯಾಟ್ ಹಿಡಿದ ಗಸ್‌ನ ತಂಡ ಮೊದಲ ಇನ್ನಿಂಗ್ಸ್‌ನಲ್ಲೇ ಐದು ರನ್ ಬಾರಿಸಿತು. ಗಸ್ ಕಾಲ ಮೇಲೆ ಕಾಲು ಹಾಕಿ ಕುಳಿತ. ಮೈಲೊನ ಹುಡುಗರು ಒಂದೊಂದೇ ರನ್ ಹೆಕ್ಕುತ್ತ ಬಂದರು. ಒಂಬತ್ತನೆಯ ಇನ್ನಿಂಗ್ಸ್, ಕೊನೆಯ ಬ್ಯಾಟಿಂಗ್: ಒಂದೇ ರನ್ ಹಿಂದೆ, ಮೂರೂ ಬೇಸ್‌ನಲ್ಲಿ ಓಡಲು ಸಜ್ಜಾದ ಹುಡುಗರು, ಇಬ್ಬರು ಔಟ್, ಮೂರನೆಯವನು ಔಟಾದರೆ ಆಟ ಮುಗಿಯಿತು. ಮೈಲೊ ಕನಸಿನಲ್ಲಿ ಕಂಡದ್ದು ಇದನ್ನೇ. ಚೆಂಡು ಎತ್ತರಕ್ಕೆ ಹಾರಿತು. ಬೇಲಿಯ ಬುಡದಲ್ಲಿ ಗಸ್‌ನ ಆಟಗಾರನೊಬ್ಬ ಅದನ್ನು ಹಿಡಿದ. ಕನಸಿನಲ್ಲಿ ಅವನಿರಲಿಲ್ಲ.

ಪಾರ್ಕಿಂಗ್ ಜಾಗದ ವಿಷಯ ಹುಡುಗರಿಗೆ ಹೇಗೆ ಹೇಳುವುದೆಂದು ಮೈಲೊ ತಲೆ ತಗ್ಗಿಸಿ ನಿಂತಿದ್ದಾಗ ಗಸ್ ಓಡಿ ಬಂದು ತಬ್ಬಿಕೊಂಡ. ಅವನ ಕಣ್ಣು ಒದ್ದೆಯಾಗಿತ್ತು.

"ನಿನ್ನ ಉಪಕಾರ ಸಾಯೋವರೆಗೂ ಮರೆಯಲ್ಲ ಮಾರಾಯ. ನನ್ನ ಮೊದಲ್ನೇ ಕಪ್ ಇದು."

"ಮೊದಲ್ನೇದಾ? ಆರು ಟಾಸ್ ಗೆದ್ದಿದ್ದೀರಲ್ಲ?"

"ಆರೂ ಮ್ಯಾಚ್ ಸೋತೆ. ಕೊನೇಲಿ ಬ್ಯಾಟಿಂಗ್ ಬಂದ್ರೆ ನಂಗೆ ತಲೆ ಕೆಡುತ್ತೆ, ಕಂಡಕಂಡೋರನ್ನ ಆಡಕ್ಕಿಳಿಸಿ ಎಲ್ಲಾ ಹಾಳ್ಮಾಡ್ತೀನಿ."

ಮೈಲೊ ನಿಧಾನವಾಗಿ ಆರ್ಲೀನ್ ಕಡೆ ತಿರುಗಿದ. ಅವಳು ಗಸ್‌ಗೆ ಕೊಡಬೇಕಾದ ಕಪ್ಪನ್ನು ಎದೆಗವಚಿಕೊಂಡು ನಿಂತಿದ್ದಳು.

"ಟಾಸ್‌ನಲ್ಲಿ ಮೋಸ ಮಾಡ್ತಿದ್ದೆ, ನಿಜ," ಎಂದಳು. "ಹತ್ತೊಂಬತ್ತು ವರ್ಷ ಸಂಸಾರ ಮಾಡಿದ್ದೀನಿ ಕೋಚ್. ಇವ್ನನ್ನ ಹೇಗೆ ಸೋಲಿಸ್ಬೇಕು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"